ಎಷ್ಟು ಬಿಗಿ? ಒಂದು ಕಟ್ಟಿನ ಚರಿತ್ರೆ

ಕಳೆದ ಚಳಿಗಾಲದಲ್ಲಿ ನಮ್ಮ ಜಾನ್ಸ್ ಕ್ರೀಕ್ ಬಳಗದ ಹಿರಿಯರೊಬ್ಬರಿಗೆ ಬಲಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು. ತೀರ್ಥಹಳ್ಳಿ ಸೀಮೆಯವರು, ಎಪ್ಪತ್ತನ್ನು ದಾಟಿದವರು. ರಾಜ್ಯೋತ್ಸವದ ದಿನ ಅಡುಗೆಮನೆಯಲ್ಲಿ ಹುಳಿಯ ಹದ ಹೇಳುವ ಅಧಿಕಾರ ಇಂದಿಗೂ ಅವರದೇ. ಮಗಳು ಅಳಿಯ ಕೆಲಸಕ್ಕೆ ಹೋಗುವ ದಿನಗಳಲ್ಲಿ ನಾವು ಕೆಲವರು ಸರದಿಯಂತೆ ಅವರನ್ನು ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದೆವು. ಎರಡು ತಿಂಗಳು ಕಳೆದರೂ ತೊಡೆಗೆ ಬಲ ಬರಲಿಲ್ಲ. ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತಿತ್ತು. ತೂಕ ಕಟ್ಟಿಕೊಂಡು ಕಾಲೆತ್ತಿದರೆ ಮಂಡಿ ಊದಿಕೊಳ್ಳುತ್ತಿತ್ತು. ಆಗ ಚಿಕಿತ್ಸಕಿ ಶಸ್ತ್ರವೈದ್ಯರ ಒಪ್ಪಿಗೆ ಪಡೆದು, ಒಂದು ದಿನ ತೊಡೆಯ ಬುಡಕ್ಕೆ ಅಂಗೈಯಗಲದ ಪಟ್ಟಿಯೊಂದನ್ನು ಸುತ್ತಿ ಅದರೊಳಕ್ಕೆ ಗಾಳಿ ತುಂಬಿಸಿದರು. ನಮ್ಮ ಹಿರಿಯರು ಗಾಬರಿಯಿಂದ ನಮ್ಮ ಕಡೆ ತಿರುಗಿ, "ಇದೇನ್ರೇ ಇದು, ಹಾವು ಕಚ್ಚಿದವರಿಗೆ ಕಟ್ಟಿದ ಹಾಗೆ ಕಟ್ತಿದಾರಲ್ಲ!" ಎಂದರು.

ನಾವು ನಕ್ಕೆವು. ಮನೆಗೆ ಬಂದು ಯೋಚಿಸಿದಾಗ ಆ ಮಾತು ನಗುವಂಥದ್ದಲ್ಲವೆಂದು ತೋರಿತು. ಕೈಕಾಲುಗಳನ್ನು ಕಟ್ಟಿ ರಕ್ತದ ಓಟವನ್ನು ತಡೆಯುವ ವಿದ್ಯೆ ಬಹಳ ಹಳೆಯದು. ಜೀವ ಉಳಿಸುವುದಕ್ಕೆ, ಅಂಗ ಕತ್ತರಿಸುವುದಕ್ಕೆ, ನಂಜು ತಡೆಯುವುದಕ್ಕೆ ಮನುಷ್ಯನು ಕಟ್ಟಿಕೊಂಡು ಬಂದಿದ್ದಾನೆ. ಅದೇ ಕಟ್ಟು ಸೊರಗಿದ ಸ್ನಾಯುವಿಗೆ ಬಲ ತುಂಬಬಲ್ಲದು ಎಂಬ ತಿಳಿವಳಿಕೆ ಮಾತ್ರ ನಮ್ಮ ಜೀವಮಾನದ್ದು. ರಕ್ತಪ್ರವಾಹ ನಿರ್ಬಂಧ ವ್ಯಾಯಾಮ ಎಂದು ಕನ್ನಡದಲ್ಲಿ ಕರೆಯಬಹುದಾದ ಈ ಪದ್ಧತಿಗೆ ಇಲ್ಲಿನ ಚಿಕಿತ್ಸಾಲಯಗಳಲ್ಲಿ ಬಿ.ಎಫ್.ಆರ್. ಎಂಬ ಮೂರಕ್ಷರದ ಹೆಸರಿದೆ. ನಮ್ಮ ತಾಯಂದಿರು, ಅತ್ತೆಯಂದಿರು, ನಮ್ಮಲ್ಲೇ ಐವತ್ತು ದಾಟಿದವರು ಒಬ್ಬೊಬ್ಬರಾಗಿ ಮಂಡಿಯ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿರುವ ಈ ಕಾಲದಲ್ಲಿ, ಈ ಪಟ್ಟಿ ಎಲ್ಲಿಂದ ಬಂತು ಎಂಬುದನ್ನು ಬರೆದಿಡುವುದು ಉಚಿತವೆನಿಸಿತು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಹಾವಿನ ಕಟ್ಟಿನಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ, ಹಾವು ಕಚ್ಚಿದ ಜಾಗದಿಂದ ನಾಲ್ಕು ಅಂಗುಲ ಮೇಲೆ ಬಟ್ಟೆ, ತೊಗಲು ಅಥವಾ ನಾರಿನಿಂದ ಬಿಗಿಯಬೇಕೆಂಬ ವಿಧಿಯಿದೆ. ಅದಕ್ಕೆ ಅರಿಷ್ಟಾಬಂಧನವೆಂದು ಹೆಸರು. ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಸಿರಾವ್ಯಧದ, ಅಂದರೆ ರಕ್ತ ತೆಗೆಯುವ ಕ್ರಮವನ್ನು ಹೇಳುವಾಗಲೂ ಅಂಗವನ್ನು ಕಟ್ಟುವ ಪ್ರಸ್ತಾಪ ಬರುತ್ತದೆ. ಅಲ್ಲಿ ಕಟ್ಟುವುದು ನಂಜನ್ನು ತಡೆಯಲಿಕ್ಕಲ್ಲ, ಸಿರೆಯು ಉಬ್ಬಿ ಕಾಣುವಂತೆ ಮಾಡಲಿಕ್ಕೆ. ಒಂದೇ ಪುಸ್ತಕದಲ್ಲಿ ಎರಡು ಉದ್ದೇಶದ ಎರಡು ಕಟ್ಟುಗಳು. ಇಂದು ರಕ್ತಪರೀಕ್ಷೆಗೆ ಹೋದಾಗ ತೋಳಿಗೆ ರಬ್ಬರ್ ಪಟ್ಟಿ ಸುತ್ತುವುದು ಈ ಎರಡನೆಯ ಜಾತಿಯದು.

ಮಲೆನಾಡಿನಲ್ಲಿ ಬೆಳೆದ ನಮಗೆ ಮೊದಲನೆಯ ಕಟ್ಟು ಚೆನ್ನಾಗಿ ನೆನಪಿದೆ. ತೋಟದಲ್ಲಿ ಕೂಗು ಕೇಳಿದೊಡನೆ ಯಾರೋ ಒಬ್ಬರು ಪಂಚೆಯ ಅಂಚನ್ನು ಹರಿದು ಮೀನಖಂಡದ ಮೇಲೆ ಗಂಟು ಹಾಕುತ್ತಿದ್ದರು, ಶಕ್ತಿಯಿದ್ದಷ್ಟು ಬಿಗಿಯಾಗಿ. ಆಸ್ಪತ್ರೆ ಸೇರುವ ಹೊತ್ತಿಗೆ ಕಾಲು ಕಪ್ಪಿಟ್ಟಿರುತ್ತಿತ್ತು. ಇಂದಿನ ವೈದ್ಯರು ಹಾವು ಕಚ್ಚಿದಾಗ ಹೀಗೆ ಬಿಗಿದು ಕಟ್ಟುವುದು ಬೇಡವೆಂದೇ ಹೇಳುತ್ತಾರೆ. ನಂಜಿಗಿಂತ ಕಟ್ಟೇ ಅಂಗವನ್ನು ಕೆಡಿಸಿದ ಉದಾಹರಣೆಗಳು ಅಷ್ಟು ಹೆಚ್ಚು.

ಬಿಗಿಯಲ್ಲೂ ಎರಡು ಬಗೆಯುಂಟು, ಅವುಗಳ ಫಲ ಬೇರೆ ಬೇರೆ ಎಂಬುದನ್ನು ಪ್ರಯೋಗದಿಂದ ತೋರಿಸಿದ ಕೀರ್ತಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಗೆ ಸಲ್ಲಬೇಕು. 1628ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಅಚ್ಚಾದ, ಹೃದಯದ ಚಲನೆಯನ್ನು ಕುರಿತ ಅವನ ಪುಟ್ಟ ಲ್ಯಾಟಿನ್ ಗ್ರಂಥದಲ್ಲಿ ತೋಳಿಗೆ ಕಟ್ಟುಹಾಕಿ ಮಾಡಿದ ಪ್ರಯೋಗಗಳ ವಿವರವಿದೆ. ಸಹಿಸುವ ಮಟ್ಟಿಗೆ ಅತಿ ಬಿಗಿಯಾಗಿ ಕಟ್ಟಿದರೆ ಕಟ್ಟಿನ ಕೆಳಗೆ ನಾಡಿ ನಿಂತುಹೋಗುತ್ತದೆ. ಕೈ ತಣ್ಣಗಾಗುತ್ತ ಹೋಗುತ್ತದೆ, ಊದುವುದಿಲ್ಲ. ಕಟ್ಟನ್ನು ಕೊಂಚ ಸಡಿಲಿಸಿದರೆ ನಾಡಿ ಮರಳುತ್ತದೆ. ಕೈ ಕೆಂಪೇರಿ ಊದಿಕೊಳ್ಳುತ್ತದೆ, ಸಿರೆಗಳು ಹುರಿಗಟ್ಟಿ ನಿಲ್ಲುತ್ತವೆ. ಕಾರಣ ಸರಳ. ರಕ್ತವನ್ನು ಹೃದಯದಿಂದ ತರುವ ಅಪಧಮನಿಗಳು ಆಳದಲ್ಲಿವೆ, ಅವುಗಳ ಒತ್ತಡ ಹೆಚ್ಚು. ಹಿಂದಕ್ಕೆ ಒಯ್ಯುವ ಅಭಿಧಮನಿಗಳು ಮೇಲ್ಭಾಗದಲ್ಲಿವೆ, ಸುಲಭವಾಗಿ ಮುಚ್ಚಿಕೊಳ್ಳುತ್ತವೆ. ಮಧ್ಯಮ ಬಿಗಿಯಲ್ಲಿ ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗಲಾರದು. ಹಾರ್ವೆ ಇದರಿಂದ ಸಾಧಿಸಿದ್ದು ರಕ್ತವು ದೇಹದಲ್ಲಿ ಸುತ್ತುತ್ತದೆ ಎಂಬ ಸತ್ಯವನ್ನು. ಆ ಮಧ್ಯಮ ಬಿಗಿಯ ತೋಳಿನಿಂದ ವ್ಯಾಯಾಮ ಮಾಡಿಸಿ ನೋಡುವ ಆಲೋಚನೆ ಅವನಿಗೂ ಬರಲಿಲ್ಲ, ಮುಂದಿನ ಮುನ್ನೂರು ವರ್ಷಗಳಲ್ಲಿ ಬೇರೆಯವರಿಗೂ ಬಂದಂತಿಲ್ಲ.

ಆ ಮುನ್ನೂರು ವರ್ಷಗಳಲ್ಲಿ ಕಟ್ಟು ಶಸ್ತ್ರವೈದ್ಯರ ಸೊತ್ತಾಯಿತು. ಪ್ಯಾರಿಸ್ಸಿನ ಝಾನ್ ಲೂಯಿ ಪೆತಿ 1718ರಲ್ಲಿ ತಿರುಪಿನಿಂದ ಬಿಗಿಯುವ ಕಟ್ಟನ್ನು ತಂದ. ಜರ್ಮನಿಯ ಎಸ್ಮಾರ್ಕ್ 1873ರಲ್ಲಿ ರಬ್ಬರ್ ಪಟ್ಟಿಯನ್ನು ರೂಢಿಗೆ ತಂದ. ಅದರ ಬಿಗಿಯನ್ನು ಅಳೆಯುವ ಬಗೆಯಿಲ್ಲದೆ, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನರ ಸತ್ತು ಕೈ ಜೋಲುಬಿದ್ದ ರೋಗಿಗಳು ಉಳಿದರು. ಈ ಕೊರತೆಯನ್ನು ನೀಗಿಸಿದವರು, ನಮ್ಮ ವಾಷಿಂಗ್ಟನ್ ಕಡೆಯ ಬಂಧುಗಳಿಗೆ ಸಮೀಪದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಹಾರ್ವೆ ಕುಷಿಂಗ್. 1901ರಲ್ಲಿ ಇಟಲಿಯ ಪಾವಿಯಾಕ್ಕೆ ಹೋಗಿದ್ದಾಗ ರೀವಾ ರೋಚಿ ಎಂಬ ವೈದ್ಯ 1896ರಲ್ಲಿ ರೂಪಿಸಿದ್ದ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಅವರು ಕಂಡು, ಅದರ ನಮೂನೆಯನ್ನು ಅಮೆರಿಕಕ್ಕೆ ತಂದರು. 1904ರಲ್ಲಿ ಅದೇ ತತ್ತ್ವದ ಗಾಳಿಪಟ್ಟಿಯನ್ನು ಶಸ್ತ್ರಚಿಕಿತ್ಸೆಗೆ ಬಳಸುವ ವಿಧಾನವನ್ನು ಪ್ರಕಟಿಸಿದರು. ಕಟ್ಟಿಗೆ ಮೊದಲ ಬಾರಿ ಅಂಕಿ ಬಂತು. ನಮ್ಮ ಹಿರಿಯರ ತೊಡೆಗೆ ಸುತ್ತಿದ್ದು, ಪ್ರತಿ ಮನೆಯ ಬಿ.ಪಿ. ಯಂತ್ರದಲ್ಲಿರುವುದು, ಎರಡೂ ಈ ಒಂದೇ ಬಳ್ಳಿಯ ಕುಡಿಗಳು.

ಇಲ್ಲಿ ಜರ್ಮನಿಯ ಆಗಸ್ಟ್ ಬೀರ್ ಅವರನ್ನು ಬಿಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕ್ಷಯ ತಗುಲಿದ ಕೀಲುಗಳ ಮೇಲ್ಭಾಗದಲ್ಲಿ ರಬ್ಬರ್ ಪಟ್ಟಿಯನ್ನು ಹದವಾಗಿ ಸುತ್ತಿ, ಅಭಿಧಮನಿಗಳನ್ನಷ್ಟೇ ತಡೆದು, ರಕ್ತ ಕೀಲಿನಲ್ಲಿ ಮಡುಗಟ್ಟುವಂತೆ ಮಾಡುವ ಚಿಕಿತ್ಸೆಯನ್ನು ಅವರು ನಡೆಸಿದರು. 1903ರಲ್ಲಿ ಅದರ ಬಗ್ಗೆ ಗ್ರಂಥವನ್ನೂ ಬರೆದರು. ಪ್ರತಿಜೀವಕ ಔಷಧಗಳು ಬಂದ ಮೇಲೆ ಆ ಚಿಕಿತ್ಸೆ ಮರೆಯಾಯಿತು. ತಡೆದ ರಕ್ತದಲ್ಲೂ ಗುಣವುಂಟು ಎಂಬ ನಂಬಿಕೆಯ ಒಂದು ಎಳೆ ಅಲ್ಲಿತ್ತು ಎಂಬುದು ನಮ್ಮ ಅಭಿಪ್ರಾಯ.

ಕಟ್ಟಿನ ಕಥೆ ಇಲ್ಲಿಗೆ ನಿಲ್ಲಲಿ. ಸೊರಗಿದ ಸ್ನಾಯುವನ್ನು ಮತ್ತೆ ಬೆಳೆಸುವುದು ಹೇಗೆ ಎಂಬ ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮದೇ ಜಾರ್ಜಿಯಾದಲ್ಲಿ.

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ 1918ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ಮೇರಿ ಮ್ಯಾಕ್‌ಮಿಲನ್ ಮೊದಲಾದ ಮಹಿಳೆಯರು ಪುನರ್ನಿರ್ಮಾಣ ಸಹಾಯಕಿಯರಾಗಿ ಸೇರಿದರು. ಅಮೆರಿಕದ ಫಿಸಿಯೋಥೆರಪಿ ವೃತ್ತಿಯ ಸಂಘ 1921ರಲ್ಲಿ ಹುಟ್ಟಿದ್ದು ಅವರಿಂದ. ಅದೇ 1921ರಲ್ಲಿ 39 ವರ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಲುಗಳು ಪಾರ್ಶ್ವವಾಯುವಿಗೆ ತುತ್ತಾದವು; ಅದು ಪೋಲಿಯೋ ಎಂದು ವೈದ್ಯರು ನಿರ್ಣಯಿಸಿದರು. 1924ರ ಅಕ್ಟೋಬರಿನಲ್ಲಿ ಅವರು ಮೊದಲ ಬಾರಿ ವಾರ್ಮ್ ಸ್ಪ್ರಿಂಗ್ಸ್‌ಗೆ ಬಂದರು. ಜಾನ್ಸ್ ಕ್ರೀಕ್‌ನಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ನಮ್ಮಲ್ಲಿ ಅನೇಕರು ಮಕ್ಕಳನ್ನು ಅಲ್ಲಿಯ ಪುಟ್ಟ ಶ್ವೇತಭವನಕ್ಕೆ ಕರೆದೊಯ್ದಿದ್ದೇವೆ. ನೆಲದಿಂದ ಸುಮಾರು 31 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ನೀರು ಚಿಮ್ಮುವ ಆ ಕೊಳದಲ್ಲಿ ಗಾಳಿಯಲ್ಲಿ ಎತ್ತಲಾಗದ ಕಾಲು ನೀರಿನಲ್ಲಿ ಮೇಲೇಳುತ್ತಿತ್ತು. 1927ರಲ್ಲಿ ಅಲ್ಲಿ ಪ್ರತಿಷ್ಠಾನವೊಂದು ಸ್ಥಾಪನೆಯಾಗಿ ದೇಶದ ನಾನಾ ಕಡೆಯಿಂದ ಪೋಲಿಯೋ ರೋಗಿಗಳು ಬರತೊಡಗಿದರು. ಕಪ್ಪುಜನರಿಗೆ ಮಾತ್ರ ಅಲ್ಲಿ ಚಿಕಿತ್ಸೆಗೆ ಪ್ರವೇಶವಿರಲಿಲ್ಲ. ಅವರಿಗಾಗಿ ಅಲಬಾಮಾದ ಟಸ್ಕೀಗಿಯಲ್ಲಿ ಪ್ರತ್ಯೇಕ ಕೇಂದ್ರ ತೆರೆಯಲು 1941 ಬರಬೇಕಾಯಿತು. ಆ ಕೊಳವನ್ನು ನೋಡಲು ಹೋಗುವವರು ಈ ಮಾತನ್ನೂ ಮಕ್ಕಳಿಗೆ ಹೇಳಬೇಕು.

ಆ ಕಾಲದ ಪೋಲಿಯೋ ಚಿಕಿತ್ಸೆಯ ಮುಖ್ಯ ಸೂತ್ರ ಎಚ್ಚರ. ಪ್ರತಿಯೊಂದು ಸ್ನಾಯುವಿನ ಬಲವನ್ನೂ ಕೈಯಿಂದ ಒತ್ತಿ ನೋಡಿ ದರ್ಜೆ ಬರೆದುಕೊಳ್ಳುವುದು, ದುರ್ಬಲ ಸ್ನಾಯುವಿಗೆ ಭಾರ ಹೊರಿಸದಿರುವುದು, ದಣಿವಿಗೆ ಮೊದಲೇ ನಿಲ್ಲಿಸುವುದು. ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲೇ ತೀರಿಕೊಂಡರು. ಅದೇ ವರ್ಷದ ಶರತ್ಕಾಲದಲ್ಲಿ, ಇದಕ್ಕೆ ತೀರಾ ವಿರುದ್ಧವಾದ ಲೇಖನವೊಂದು ಮೂಳೆ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವರು ಪಕ್ಕದ ಅಲಬಾಮಾದ ಬರ್ಮಿಂಗ್ಹ್ಯಾಮ್‌ನವರಾದ ಸೇನಾವೈದ್ಯ ಥಾಮಸ್ ಡಿಲಾರ್ಮ್. ಬಾಲ್ಯದಲ್ಲಿ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ತೂಕ ಎತ್ತಿ ತಾವೇ ದೇಹ ಬೆಳೆಸಿಕೊಂಡವರು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಚಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯಲ್ಲಿ ಮಂಡಿ ಮುರಿದ ಸೈನಿಕರು ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದರು. ಡಿಲಾರ್ಮ್ ಅವರ ಪಾದಗಳಿಗೆ ಕಬ್ಬಿಣದ ಬೂಟು ಕಟ್ಟಿಸಿ, ಎತ್ತಲು ಸಾಧ್ಯವಾದಷ್ಟು ಭಾರ ಎತ್ತಿಸಿದರು, ವಾರವಾರಕ್ಕೂ ಭಾರ ಹೆಚ್ಚಿಸಿದರು. ಹತ್ತು ಬಾರಿಯಂತೆ ಮೂರು ಸುತ್ತು ಎಂದು ಇಂದಿಗೂ ಜಿಮ್‌ಗಳಲ್ಲಿ ಹೇಳುವ ಲೆಕ್ಕ ಅವರ 1948ರ ಬರಹದಿಂದ ಬಂದದ್ದು.

ಭಾರವಿಲ್ಲದೆ ಬಲವಿಲ್ಲ ಎಂಬ ಈ ಮಾತು ನಮ್ಮವರಿಗೆ ಹೊಸದಲ್ಲ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಸಾಮು ಮಾಡಿದವರಿಗೆ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತಿದವರಿಗೆ ಡಿಲಾರ್ಮ್ ಹೇಳಿಕೊಡಬೇಕಾದದ್ದೇನೂ ಇರಲಿಲ್ಲ. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ಅದಕ್ಕೂ ಮೊದಲೇ ತಮ್ಮ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ತೂಕಗಳನ್ನೂ ಯೋಗಾಸನಗಳನ್ನೂ ಕೂಡಿಸಿ ಪಾಠ ಹೇಳುತ್ತಿದ್ದರು, ದೂರದವರಿಗೆ ಅಂಚೆಯ ಮೂಲಕವೂ ಕಲಿಸುತ್ತಿದ್ದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಅವರನ್ನು ಬಲ್ಲ ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಅವರ ತೋಳುಗಳ ಖ್ಯಾತಿ ಗೊತ್ತಿದೆಯೋ!

ಆದರೆ ಗರಡಿಯ ಪೈಲ್ವಾನನಿಗೆ ಹೇಳಿದ್ದನ್ನು ಎಪ್ಪತ್ತು ದಾಟಿದ ಅಜ್ಜಿಗೆ ಹೇಳುವಂತಿಲ್ಲ. ಮಂಡಿ ಬದಲಿಸಿದ ಮೊದಲ ತಿಂಗಳಲ್ಲೇ ತೊಡೆಯ ಮುಂಭಾಗದ ಸ್ನಾಯು ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅದನ್ನು ಮರಳಿ ಪಡೆಯಲು, ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಶೇಕಡ 60 70ರಷ್ಟಾದರೂ ಎತ್ತಬೇಕೆಂದು ಡಿಲಾರ್ಮ್ ಪರಂಪರೆ ಹೇಳುತ್ತದೆ; ಹಾಗೆ ಎತ್ತಿದರೆ ಗಾಯ ಮಾಯದ ಕೀಲು ನೋಯುತ್ತದೆ. ವಾರ್ಮ್ ಸ್ಪ್ರಿಂಗ್ಸ್‌ನ ಎಚ್ಚರಕ್ಕೂ ಚಿಕಾಗೋದ ಕಬ್ಬಿಣಕ್ಕೂ ನಡುವೆ ದಾರಿ ಕಾಣದೆ ದಶಕಗಳು ಕಳೆದವು. ದಾರಿ ತೋರಿದ್ದು ಜಪಾನಿನ ಒಬ್ಬ ಹುಡುಗನ ಜೋಮು ಹಿಡಿದ ಕಾಲು.

ಯೋಶಿಯಾಕಿ ಸಾತೊ ಅವರೇ ಹೇಳಿಕೊಂಡಿರುವ ಕಥೆ ಇದು. 1966ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬೌದ್ಧ ಶ್ರಾದ್ಧಕರ್ಮವೊಂದರಲ್ಲಿ ಅವರು ಮಂಡಿಯೂರಿ ಹಿಮ್ಮಡಿಯ ಮೇಲೆ ಕುಳಿತಿದ್ದರು, ನಮ್ಮ ವಜ್ರಾಸನದಂತೆಯೇ. ಬಹಳ ಹೊತ್ತಾಗಿ ಕಾಲು ಜೋಮು ಹಿಡಿಯಿತು. ಮೀನಖಂಡವನ್ನು ನೀವಿಕೊಳ್ಳುವಾಗ ಅದು ಊದಿಕೊಂಡು ಬಿಗಿದಿರುವುದು, ವ್ಯಾಯಾಮಶಾಲೆಯಲ್ಲಿ ಹಿಮ್ಮಡಿ ಎತ್ತಿ ಇಳಿಸಿದ ಮೇಲೆ ಆಗುವ ಬಿಗಿತದಂತೆಯೇ ಇರುವುದು ಅವರ ಗಮನಕ್ಕೆ ಬಂತು. ರಕ್ತ ತಡೆದದ್ದೇ ಎರಡಕ್ಕೂ ಕಾರಣವಾಗಿರಬಹುದೆ ಎಂದು ಯೋಚಿಸಿದರು. ಸತ್ಯನಾರಾಯಣ ಪೂಜೆಯಲ್ಲಿ, ಉಪನಯನದ ಹಸೆಯ ಮೇಲೆ ಜೋಮು ಹಿಡಿಸಿಕೊಂಡ ನಮ್ಮ ಪೂರ್ವಜರು ಲೆಕ್ಕವಿಲ್ಲದಷ್ಟು. ಪ್ರಸಾದ ಯಾವಾಗ ಎಂಬುದರಾಚೆ ಅವರು ಯೋಚಿಸಿದಂತೆ ಕಾಣೆವು.

ಸಾತೊ ಸೈಕಲ್ ಟ್ಯೂಬುಗಳನ್ನೂ ಹಗ್ಗ, ಪಟ್ಟಿಗಳನ್ನೂ ತಮ್ಮ ಕೈಕಾಲುಗಳಿಗೆ ಕಟ್ಟಿಕೊಂಡು ಪ್ರಯೋಗಕ್ಕಿಳಿದರು. ಎಷ್ಟು ಬಿಗಿ, ಎಷ್ಟು ಹೊತ್ತು ಎಂಬುದಕ್ಕೆ ಅವರ ದೇಹವೇ ಮಾಪಕ. ಆರಂಭದ ಆ ದಿನಗಳಲ್ಲೇ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸೇರಿ ಆಸ್ಪತ್ರೆ ಸೇರಬೇಕಾಯಿತೆಂದು ಅವರೇ ಬರೆದಿದ್ದಾರೆ. ಈ ಸಂಗತಿಯನ್ನು ನಾವು ಒತ್ತಿ ಹೇಳಬಯಸುತ್ತೇವೆ: ಪದ್ಧತಿಯನ್ನು ಕಂಡುಹಿಡಿದವನೇ ಬಿಗಿಯ ಅಳತೆ ತಿಳಿಯದೆ ಪ್ರಾಣಾಪಾಯಕ್ಕೆ ಸಿಲುಕಿದ್ದ. 1973ರಲ್ಲಿ ಸ್ಕೀ ಆಡುವಾಗ ಬಿದ್ದು ಅವರ ಪಾದದ ಕೀಲು ಮುರಿಯಿತು, ಮಂಡಿಯ ಕಟ್ಟು ಹರಿಯಿತು. ಪ್ಲಾಸ್ಟರ್ ಹಾಕಿದ ಕಾಲಿಗೆ ಮೇಲ್ಭಾಗದಲ್ಲಿ ಪಟ್ಟಿ ಕಟ್ಟಿ ಬಿಗಿಯುವುದು, ಸಡಿಲಿಸುವುದು, ಸ್ನಾಯುವನ್ನು ಇದ್ದಲ್ಲೇ ಬಿಗಿಹಿಡಿಯುವುದು, ಹೀಗೆ ದಿನಕ್ಕೆ ಹಲವು ಬಾರಿ ಮಾಡಿದರು. ವೈದ್ಯರು ಆರು ತಿಂಗಳೆಂದದ್ದು ಆರು ವಾರದಲ್ಲಿ ಗುಣವಾಯಿತೆಂಬುದು ಅವರ ಮಾತು. ಒಬ್ಬ ಮನುಷ್ಯನ ಅನುಭವ ಪ್ರಮಾಣವಾಗದು. ಆದರೆ ಅವರು ಅದನ್ನು ಅಲ್ಲಿಗೇ ಬಿಡಲಿಲ್ಲ. 1983ರಿಂದ ಇತರರಿಗೆ ಕಲಿಸತೊಡಗಿದರು. ಒತ್ತಡ ಕೂಡಿಸುವುದು ಎಂಬ ಅರ್ಥದ 'ಕಾಟ್ಸು' ಎಂಬ ಹೆಸರಿಟ್ಟರು. ತೊಂಬತ್ತರ ದಶಕದಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ನಾವೋಕಾತಾ ಇಶೀ ಮೊದಲಾದ ವಿಜ್ಞಾನಿಗಳು ಇದನ್ನು ಪರೀಕ್ಷೆಗೆ ಒಡ್ಡಿದರು.

2000ದಲ್ಲಿ ತಾಕರಾದಾ ಮತ್ತು ಸಂಗಡಿಗರು ಪ್ರಕಟಿಸಿದ ಎರಡು ಅಧ್ಯಯನಗಳು ಜಗತ್ತಿನ ಗಮನ ಸೆಳೆದವು. ಒಂದರಲ್ಲಿ, ಅರವತ್ತರ ಸಮೀಪದ ಮಹಿಳೆಯರು ಹದಿನಾರು ವಾರ ಪಟ್ಟಿ ಕಟ್ಟಿಕೊಂಡು ಹಗುರ ತೂಕದಿಂದ ತೋಳಿನ ವ್ಯಾಯಾಮ ಮಾಡಿದರು. ಪಟ್ಟಿಯಿಲ್ಲದೆ ಭಾರ ಎತ್ತಿದವರಿಗೆ ಸಮನಾಗಿ ಅವರ ಸ್ನಾಯು ಬೆಳೆಯಿತು. ಮೊದಲ ಸಾಕ್ಷ್ಯಗಳಲ್ಲೊಂದು ಕ್ರೀಡಾಪಟುಗಳಿಂದಲ್ಲ, ನಮ್ಮ ತಾಯಂದಿರ ವಯಸ್ಸಿನವರಿಂದ ಬಂತೆಂಬುದು ನಮಗೆ ಸಂತೋಷ ಕೊಟ್ಟ ವಿಷಯ. ಇನ್ನೊಂದರಲ್ಲಿ, ಮಂಡಿಯ ಕಟ್ಟಿನ ಶಸ್ತ್ರಚಿಕಿತ್ಸೆಯಾದವರಿಗೆ ವ್ಯಾಯಾಮವೇ ಇಲ್ಲದೆ, ಪಟ್ಟಿಯನ್ನು ಐದು ನಿಮಿಷ ಬಿಗಿದು ಮೂರು ನಿಮಿಷ ಸಡಿಲಿಸುವುದರಿಂದಲೇ ತೊಡೆ ಸೊರಗುವುದು ಕಡಿಮೆಯಾಯಿತು. 2006ರಲ್ಲಿ ತಕಾಶಿ ಅಬೆ ಮತ್ತು ಸಂಗಡಿಗರು ಪಟ್ಟಿ ಕಟ್ಟಿ ನಿಧಾನವಾಗಿ ನಡೆಸಿಯೇ, ಮೂರು ವಾರದಲ್ಲಿ ತರುಣರ ತೊಡೆಯ ಸ್ನಾಯು ಹಿಗ್ಗುವುದನ್ನು ತೋರಿಸಿದರು.

ಹಗುರ ಭಾರ ಹೇಗೆ ದೊಡ್ಡ ಕೆಲಸ ಮಾಡುತ್ತದೆ? ಸ್ನಾಯುವಿನಲ್ಲಿ ನಿಧಾನದ ತಂತುಗಳೂ ವೇಗದ, ಬಲಿಷ್ಠ ತಂತುಗಳೂ ಇವೆ. ಸಣ್ಣ ಕೆಲಸಕ್ಕೆ ಮೊದಲು ಸಣ್ಣವೇ ಏಳುತ್ತವೆಂದು ಎಲ್ವುಡ್ ಹೆನ್ನೆಮನ್ ಮತ್ತು ಸಂಗಡಿಗರು 1965ರಲ್ಲಿ ವಿವರಿಸಿದ್ದರು. ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸಲು ಮೊದಲು ಹುಡುಗರು ಏಳುತ್ತಾರೆ. ಅವರು ದಣಿದು ಕುಳಿತರೆ ಮಾತ್ರ ಚಾವಡಿಯಲ್ಲಿ ಕವಳ ಹಾಕುತ್ತಿರುವ ದೊಡ್ಡವರು ಪಂಚೆ ಎತ್ತಿ ಕಟ್ಟುತ್ತಾರೆ. ಪಟ್ಟಿ ಬಿಗಿದ ಕಾಲಿಗೆ ಆಮ್ಲಜನಕ ಸಾಲದು, ಕೆಲಸದಿಂದ ಹುಟ್ಟಿದ ಆಮ್ಲಗಳು ಹೊರಹೋಗವು. ನಿಧಾನದ ತಂತುಗಳು ಬೇಗ ದಣಿಯುತ್ತವೆ, ದೊಡ್ಡವು ಏಳಲೇಬೇಕಾಗುತ್ತದೆ. ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಫುಜಿತಾ ಮತ್ತು ಸಂಗಡಿಗರು 2007ರಲ್ಲಿ, ಗರಿಷ್ಠ ಭಾರದ ಶೇಕಡ 20ರಷ್ಟನ್ನೇ ಎತ್ತಿದರೂ ಪಟ್ಟಿ ಕಟ್ಟಿದ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಹೆಚ್ಚುವುದನ್ನು ಅಳೆದು ತೋರಿಸಿದರು. ಬೆಳವಣಿಗೆಯ ಹಾರ್ಮೋನು ರಕ್ತದಲ್ಲಿ ಏರುವುದೇ ಕಾರಣವೆಂದು ಮೊದಲು ಭಾವಿಸಿದ್ದರು. ಈಗ ಆ ವಾದಕ್ಕೆ ಅಷ್ಟು ಬೆಲೆಯಿಲ್ಲ.

ಅಮೆರಿಕದಲ್ಲಿ ಈ ಪದ್ಧತಿ ಚಿಕಿತ್ಸಾಲಯಕ್ಕೆ ಬಂದದ್ದು ಮತ್ತೆ ಯುದ್ಧದ ದಾರಿಯಿಂದ. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಬಾಂಬಿಗೆ ಕಾಲು ಛಿದ್ರವಾದ ಸೈನಿಕರನ್ನು ಬದುಕಿಸಿದ್ದು ರಣರಂಗದಲ್ಲೇ ತೊಡೆಗೆ ಬಿಗಿದ ಕಟ್ಟು. ಉಳಿದ ಆ ಕಾಲುಗಳಲ್ಲಿ ಸ್ನಾಯುವೇ ಇರಲಿಲ್ಲ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 2007ರಲ್ಲಿ ತೆರೆದ ಸೇನೆಯ ಪುನಶ್ಚೇತನ ಕೇಂದ್ರ ಸೆಂಟರ್ ಫಾರ್ ದಿ ಇಂಟ್ರೆಪಿಡ್‌ನಲ್ಲಿ ಫಿಸಿಯೋಥೆರಪಿಸ್ಟ್ ಜಾನಿ ಓವೆನ್ಸ್ ಅವರು ಈ ಸೈನಿಕರ ತೊಡೆಗೆ ಶಸ್ತ್ರಚಿಕಿತ್ಸೆಯ ಗಾಳಿಪಟ್ಟಿಯನ್ನು ಸುತ್ತಿ ಹಗುರ ವ್ಯಾಯಾಮ ಮಾಡಿಸಿದರು. ಪ್ರಾಣ ಉಳಿಸಲು ಒಮ್ಮೆ ಪೂರ್ತಿ ಬಿಗಿದ ತೊಡೆಯನ್ನು, ಬಲ ಮರಳಿಸಲು ಈಗ ಅರ್ಧ ಬಿಗಿದರು. ಅಲ್ಲಿಂದ ವೃತ್ತಿಪರ ಫುಟ್‌ಬಾಲ್ ತಂಡಗಳಿಗೆ, ಅಲ್ಲಿಂದ ನಮ್ಮ ಬಡಾವಣೆಗಳ ಅಂಗಡಿಸಾಲಿನ ಚಿಕಿತ್ಸಾಲಯಗಳಿಗೆ ಇದು ಹತ್ತು ವರ್ಷಗಳಲ್ಲಿ ಹಬ್ಬಿತು.

ಈ ಹಬ್ಬುವಿಕೆಯಲ್ಲಿ ಅತ್ಯಂತ ಮುಖ್ಯವಾದ ಬದಲಾವಣೆ ಅಳತೆಯದು. ಜಪಾನಿನ ಮೊದಲ ವರ್ಷಗಳಲ್ಲಿ ಎಲ್ಲರಿಗೂ ಸರಿಸುಮಾರು ಒಂದೇ ಒತ್ತಡ. ಆದರೆ ದಪ್ಪ ತೊಡೆಗೆ ಹೆಚ್ಚು ಬೇಕು, ಸಣಕಲು ತೊಡೆಗೆ ಕಡಿಮೆ ಸಾಕು. ಅಗಲ ಪಟ್ಟಿ ಕಡಿಮೆ ಒತ್ತಡದಲ್ಲೇ ರಕ್ತ ನಿಲ್ಲಿಸುತ್ತದೆ, ಕಿರಿದಾದ ಪಟ್ಟಿಗೆ ಹೆಚ್ಚು ಒತ್ತಡ ಬೇಕು. ಆದ್ದರಿಂದ ಈಗ ಮೊದಲು, ಮಲಗಿಸಿದ ವ್ಯಕ್ತಿಯ ಕಾಲಿನ ನಾಡಿ ಪೂರ್ತಿ ನಿಲ್ಲುವ ಒತ್ತಡ ಎಷ್ಟೆಂದು ಯಂತ್ರದಿಂದ ಅಳೆಯುತ್ತಾರೆ. ಆಮೇಲೆ ಅದರ ಶೇಕಡ 40ರಿಂದ 80ರೊಳಗೆ ಪಟ್ಟಿಯನ್ನು ನಿಲ್ಲಿಸುತ್ತಾರೆ. ಭಾರ ಗರಿಷ್ಠದ ಶೇಕಡ 20ರಿಂದ 40. ಮೊದಲು 30 ಬಾರಿ, ಬಳಿಕ 15ರಂತೆ ಮೂರು ಸುತ್ತು, ನಡುವೆ ಅರ್ಧದಿಂದ ಒಂದು ನಿಮಿಷದ ವಿರಾಮ. 2019ರಲ್ಲಿ ಸ್ಟೀಫನ್ ಪ್ಯಾಟರ್ಸನ್ ಮೊದಲಾದ ಹಲವು ದೇಶಗಳ ಸಂಶೋಧಕರು ಒಟ್ಟಾಗಿ ಪ್ರಕಟಿಸಿದ ಮಾರ್ಗಸೂಚಿಯ ಸಾರ ಇದು. ಹಾರ್ವೆ ಬೆರಳಿನಿಂದ ನಾಡಿ ಹಿಡಿದು ಕಂಡ ಎರಡು ಬಿಗಿಗಳ ನಡುವಿನ ಜಾಗಕ್ಕೆ ಪ್ರತಿ ಮನುಷ್ಯನ ಪ್ರತಿ ಕಾಲಿಗೂ ಅಂಕಿ ಬರೆಯಲು 391 ವರ್ಷ ಹಿಡಿಯಿತು.

ಹೊಗಳಿಕೆಯಲ್ಲಿ ಹದ ಮೀರಬಾರದು. ಭಾರ ಎತ್ತಲು ಶಕ್ತನಾದವನಿಗೆ ಭಾರವೇ ಮೇಲು. ಪಟ್ಟಿಯಿಂದ ಸ್ನಾಯುವಿನ ಗಾತ್ರ ಸಮವಾಗಿ ಬೆಳೆದರೂ ಬಲ ಅಷ್ಟು ಬೆಳೆಯದೆಂದು ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದವರು 2018ರಲ್ಲಿ ಹೇಳಿದ್ದಾರೆ. ಇದು ಭಾರ ಎತ್ತಲಾಗದ ದಿನಗಳ ಸೇತುವೆ. ಅಪಾಯದ ಬಗ್ಗೆ, ಜಪಾನಿನಲ್ಲಿ 12,642 ಮಂದಿಯನ್ನು ಒಳಗೊಂಡ 2006ರ ಸಮೀಕ್ಷೆಯಲ್ಲಿ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ಪ್ರಕರಣಗಳು ಶೇಕಡ 0.055 ಮಾತ್ರ, ಚರ್ಮದಡಿ ರಕ್ತ ಕಂದಿದ್ದು ಶೇಕಡ 13ರಷ್ಟು. ಆದರೆ ಅವು ತರಬೇತಾದವರ ಕೈಕೆಳಗೆ ನಡೆದವು ಎಂಬುದನ್ನು ಮರೆಯಬಾರದು. ನಮ್ಮ ಹಿರಿಯರ ಪಾಡು ಬೇರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಸಾಮಾನ್ಯ. ಬೆಂಗಳೂರಿನಿಂದ ಅಟ್ಲಾಂಟಾಕ್ಕೆ ಇಪ್ಪತ್ತು ಗಂಟೆ ಮೀರಿ ವಿಮಾನದಲ್ಲಿ ಕಾಲು ಇಳಿಬಿಟ್ಟು ಬಂದಿರುತ್ತಾರೆ. ದೂರದ ವಿಮಾನಯಾನವೂ ಮಂಡಿಯ ಶಸ್ತ್ರಚಿಕಿತ್ಸೆಯೂ ತಾವಾಗಿಯೇ ಹೆಪ್ಪುಗಟ್ಟುವ ಭಯ ಹೆಚ್ಚಿಸುವಂಥವು. ಹಿಂದೆ ಹೆಪ್ಪುಗಟ್ಟಿದ್ದರೆ, ಈಚೆಗೆ ಪ್ರಯಾಣ ಮಾಡಿದ್ದರೆ, ಅದನ್ನು ಚಿಕಿತ್ಸಕರಿಗೆ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವ ಹೊಣೆ ಜೊತೆಗೆ ಹೋಗುವ ನಮ್ಮದು.

ನಾವು ಆರಂಭದಲ್ಲಿ ಹೇಳಿದ ಇನ್ನೊಂದು ಕಾರಣ ಈಗ. ನಮ್ಮ ಹಿರಿಯರು ಆರು ವಾರ ಪಟ್ಟಿಯ ವ್ಯಾಯಾಮ ಮಾಡಿದರು. ಮೊದಲ ದಿನ ಕೊನೆಯ ಸುತ್ತಿನಲ್ಲಿ ಕಣ್ಣಲ್ಲಿ ನೀರು ಬಂದಿತ್ತು; ಉರಿ ಅಷ್ಟಿರುತ್ತದೆ. ಆರನೆಯ ವಾರ ಮಗಳ ಮನೆಯ ಹದಿನಾಲ್ಕು ಮೆಟ್ಟಿಲನ್ನು ಕಟಕಟೆ ಹಿಡಿಯದೆ ಹತ್ತಿದರು. ಪಟ್ಟಿಯಿಲ್ಲದಿದ್ದರೂ ಹತ್ತುತ್ತಿದ್ದರೇನೋ, ಹೇಳಲಾರೆವು. ಅವರು ಮಾತ್ರ ಪಟ್ಟಿಗೇ ಪುಣ್ಯ ಕೊಟ್ಟು, ಸಾಗರದಲ್ಲಿರುವ ತಂಗಿಗೆ ವಿಡಿಯೋ ಕರೆಯಲ್ಲಿ ಎಲ್ಲವನ್ನೂ ವರ್ಣಿಸಿದರು. ತಂಗಿಗೂ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಗಿತ್ತು. ಮುಂದಿನ ಭಾನುವಾರ ಆಕೆ ಫೋನನ್ನು ಕೆಳಗಿಳಿಸಿ ತೋರಿಸಿದರು: ತೊಡೆಗೆ ಹೊಲಿಗೆಯ ಎಲಾಸ್ಟಿಕ್ಕನ್ನು ಮೂರು ಸುತ್ತು ಬಿಗಿದು ಗಂಟು ಹಾಕಿಕೊಂಡಿದ್ದರು. ಮೊಮ್ಮಗ ಮೊಬೈಲಿನಲ್ಲಿ ನೋಡಿ ಹೇಳಿಕೊಟ್ಟದ್ದಂತೆ. ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು.

ಅಂದು ನಮ್ಮಲ್ಲಿ ಇಬ್ಬರು ಆ ಮನೆಯಲ್ಲಿದ್ದೆವು. ಅಕ್ಕ ಕೂಗಿದ ಕೂಗಿಗೆ ಅಡುಗೆಮನೆಯಿಂದ ಅಳಿಯ ಓಡಿಬಂದರು.

"ಬಿಚ್ಚೇ ಅದನ್ನ! ಮೊದ್ಲು ಬಿಚ್ಚು! ಕತ್ತರಿ ತಗಂಡು ಕತ್ರಿಸು!"

ತಂಗಿ ಕತ್ತರಿಸಿದರು. ಕಾಲು ಕೆಂಪಾಗಿ, ಆಮೇಲೆ ಮೆಲ್ಲಗೆ ತನ್ನ ಬಣ್ಣಕ್ಕೆ ಬಂತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ತಂಗಿ ಮುನಿಸಿನಿಂದ, "ಹಂಗಾರೆ ನಿಂಗೆ ಎಷ್ಟು ಬಿಗಿ ಇಟ್ಟಿದ್ರು, ಅದಾರೂ ಹೇಳು" ಎಂದು ಕೇಳಿದರು.

"ನಂಗೆ ನೂರಾ ಹತ್ತು. ಅದು ನನ್ನ ಕಾಲಿನ ಲೆಕ್ಕ ಕಣೇ. ನಿನ್ನ ಕಾಲನ್ನ ಅಳತೆ ಮಾಡೋರು ಶಿವಮೊಗ್ಗದಲ್ಲಿ ಯಾರಾದ್ರೂ ಇದಾರಾ ಅಂತ ನಾಳೆ ಡಾಕ್ಟ್ರನ್ನ ಕೇಳು. ಅಲ್ಲೀವರೆಗೆ ಕುರ್ಚಿ ಮೇಲೆ ಕೂತ್ಕಂಡು ಸುಮ್ನೆ ಕಾಲು ಎತ್ತು, ಇಳಿಸು."

"ಎಷ್ಟು ಸಲ?"

"ಮೂವತ್ತು," ಎಂದು, ಅಕ್ಕ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ತಾವೂ ಎದುರಿನ ಕುರ್ಚಿಯಲ್ಲಿ ಕುಳಿತು ಎಣಿಸತೊಡಗಿದರು.